ಹನ್ನೊಂದು ಬೆಕ್ಕು ಮತ್ತು ಶಂಕ್ರವ್ವನ ಕೈ

ಕಸದ ತೊಟ್ಟಿಯ ಪಕ್ಕ ಆಕಳು ತಿನ್ನುತ್ತಿದ್ದ ರೊಟ್ಟಿ ತನ್ನದೇ ಎಂದು ಶಂಕ್ರವ್ವನಿಗೆ ಹತ್ತು ಹೆಜ್ಜೆ ದೂರದಿಂದಲೇ ಗೊತ್ತಾಯಿತು. ಹತ್ತಿರ ಹೋಗಿ ಆಕಳನ್ನು ಸರಿಸಿ, ಮಣ್ಣು ಮೆತ್ತಿದ್ದ ಒಂದನ್ನು ಎತ್ತಿ ನೋಡಿದಳು. ಅಂಚಿನಲ್ಲಿ ಒಂದೇ ಕಡೆ ಸಣ್ಣ ತಗ್ಗು. ಚಿಕ್ಕಂದಿನಲ್ಲಿ ಜೋಳ ಕೊಯ್ಯುವಾಗ ಕುಡಗೋಲು ತಾಗಿ ಅವಳ ಬಲಗೈ ಹೆಬ್ಬೆರಳು ಸೊಟ್ಟಗಾಗಿತ್ತು. ಅವಳು ಬಡಿದ ರೊಟ್ಟಿಗೆಲ್ಲ ಆ ಹೆಬ್ಬೆರಳಿನ ಗುರುತು ಬೀಳುತ್ತಿತ್ತು. ಆಕಳ ಬಾಯಲ್ಲಿದ್ದದ್ದೂ ಸೇರಿ ಎಣಿಸಿದರೆ ಆರು. ಹಿಂದಿನ ದಿನ ಆ ಓಣಿಯಲ್ಲಿ ಆರು ರೊಟ್ಟಿ ಕಟ್ಟಿಸಿಕೊಂಡು ಹೋದವಳು ನೀಲಕ್ಕ ಒಬ್ಬಳೇ.

ಬೇರೆ ಯಾರಾದರೂ ಆಗಿದ್ದರೆ ಶಂಕ್ರವ್ವ ಎರಡು ಮಾತು ಬೈದು ಮುಂದೆ ಹೋಗುತ್ತಿದ್ದಳು. ನೀಲಕ್ಕ ಮೂವತ್ತು ವರ್ಷದ ಗೆಳತಿ. ಒಬ್ಬರ ಬಾಣಂತನ ಒಬ್ಬರು ಮಾಡಿದವರು. ರೊಟ್ಟಿ ಬೇಡವಾಗಿದ್ದರೆ ಬೇಡ ಎಂದು ಮುಖದ ಮೇಲೆ ಹೇಳಬಹುದಿತ್ತು. ನಗುನಗುತ್ತ ಕಟ್ಟಿಸಿಕೊಂಡು ಹೋಗಿ, ಮೂಲೆ ತಿರುಗಿದ ಮೇಲೆ ಕಸಕ್ಕೆ ಸುರಿಯುವುದು ಯಾವ ಸೀಮೆಯ ಮರ್ಯಾದೆ? ಓಣಿಯವರು ಆಡಿಕೊಳ್ಳುವ ಹಾಗೆ ಅದರಲ್ಲಿ ವಿಷ ಇದೆ ಎಂದು ಅಷ್ಟು ಖಾತ್ರಿ ಇದ್ದರೆ, ಆಕಳು ಬಂದು ಬಾಯಿ ಹಾಕೀತು ಎನ್ನುವ ಬುದ್ಧಿಯಾದರೂ ಬೇಡವೇ? ಶಂಕ್ರವ್ವ ಆ ರೊಟ್ಟಿಯ ಮಣ್ಣು ಕೊಡವಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು.

ಶಂಕ್ರವ್ವ ನವಲಗುಂದ ಕಡೆಯ ಎರೆಮಣ್ಣಿನ ಊರಿನವಳು. ಗಂಡ ಈಶಪ್ಪನಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಅವನ ಜೊತೆ ಬಂದು ಈಗ ಮೂವತ್ತೆಂಟು ವರ್ಷ. ಸುತ್ತ ಎಲ್ಲಿ ನೋಡಿದರೂ ಭತ್ತ ಮತ್ತು ಕಾಡು. ಧಾರವಾಡ, ಬೆಳಗಾವಿ ಕಡೆಯಿಂದ ಬಂದ ಗಂಡಸರು ಪಾಳಿ ಮುಗಿಸಿ ಬಂದು, ಎಷ್ಟು ಅನ್ನ ಉಂಡರೂ ಹೊಟ್ಟೆ ತುಂಬಲಿಲ್ಲ ಎಂದು ಗೊಣಗುತ್ತಿದ್ದರು. ಅವಳು ಬಂದ ವರ್ಷವೇ ಈಶಪ್ಪನ ಪಾಳಿಯ ನಾಲ್ಕು ಮಂದಿಗೆ ಜೋಳದ ರೊಟ್ಟಿ ಬಡಿದು ಕೊಟ್ಟಳು. ನಾಲ್ಕು ಹತ್ತಾಯಿತು, ಹತ್ತು ನಲವತ್ತಾಯಿತು. ಒಂಬತ್ತು ವರ್ಷದ ಹಿಂದೆ ಈಶಪ್ಪ ಎದೆನೋವಿನಿಂದ ಹೋದ ಮೇಲೆ ಅದೇ ಅವಳ ಬದುಕಾಯಿತು. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸಿದರೆ ಹತ್ತರ ಹೊತ್ತಿಗೆ ನೂರು ರೊಟ್ಟಿ. ಯಾರ ಮುಂದೂ ಕೈಚಾಚದೆ ತಲೆ ಎತ್ತಿ ಬದುಕಿದ ಹೆಂಗಸು. ಹಾಗಾಗಿ ಅವಳ ಬಾಯಿಯೂ ಸ್ವಲ್ಪ ಜೋರು, ಅದನ್ನು ಮುಚ್ಚಿಡುವುದೇನೂ ಬೇಡ.

ಜೋಳ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಬೆಕ್ಕು. ಶಂಕ್ರವ್ವ ಇಲಿಗೆ ಪಾಷಾಣ ಇಟ್ಟವಳೇ ಅಲ್ಲ. ಹಿಟ್ಟಿನ ಡಬ್ಬಿ ಇರುವ ಕೋಣೆಯಲ್ಲಿ ಪಾಷಾಣ ಇಡಲಿಕ್ಕೆ ಅವಳಿಗೇನು ತಲೆ ಕೆಟ್ಟಿತ್ತೇ? ಅವಳ ಮನೆಯಲ್ಲಿ ಹೊನ್ನಿ ಎಂಬ ಹಳದಿ ಪಟ್ಟೆಯ ಬೆಕ್ಕಿತ್ತು. ಹೊನ್ನಿಯ ಸಂತಾನ ದಾಂಡೇಲಿಯಿಂದ ಮುಂಡಗೋಡದವರೆಗೆ ಹಬ್ಬಿತ್ತು. ಮರಿ ಬೇಕಾದವರು ಮೊದಲೇ ಹೇಳಿಟ್ಟಿರುತ್ತಿದ್ದರು. ಕೊಡುವುದಕ್ಕೆ ಅವಳದೊಂದು ಪದ್ಧತಿ ಇತ್ತು, ತವರಿನಿಂದ ತಂದದ್ದು. ಮರಿಯನ್ನು ಕೈಯಲ್ಲಿ ಹಿಡಿದು ಕೊಡಬಾರದು. ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ಹೊಸ್ತಿಲ ಮುಂದೆ ಮೂರು ಸುತ್ತು ತಿರುಗಿಸಿ ಕಳಿಸಬೇಕು. ಹಾಗಾದರೆ ಅದಕ್ಕೆ ಹಳೆಯ ಮನೆಯ ದಾರಿ ಮರೆಯುತ್ತದೆ. ಹೊಸ ಮನೆಯವರು ಕಾಳಿನ ಚೀಲಗಳ ನಡುವೆ ಅದನ್ನು ಬಿಟ್ಟು, ಗೋಣಿಚೀಲವನ್ನು ಶಂಕ್ರವ್ವನಿಗೆ ತಿರುಗಿ ಮುಟ್ಟಿಸಬೇಕು. ಖಾಲಿ ಕಳಿಸುವಂತಿಲ್ಲ, ತಳದಲ್ಲಿ ಒಂದು ಹಿಡಿ ಕಾಳು ಹಾಕಬೇಕು. ಅದೇ ಚೀಲದಲ್ಲಿ ಮುಂದಿನ ಮರಿ ಹೋಗುತ್ತದೆ. ಒಂದೇ ಚೀಲ ಎಲ್ಲ ಮನೆ ತಿರುಗಿದರೆ ಎಲ್ಲ ಮರಿಗಳೂ ಬಾಳುತ್ತವೆ ಎಂದು ಅವಳ ಅವ್ವ ಹೇಳುತ್ತಿದ್ದಳು.

ಈ ಸಲ ಶ್ರಾವಣದಲ್ಲಿ ಹೊನ್ನಿಯದೂ ಹೊನ್ನಿಯ ಮಗಳದೂ ಸೇರಿ ಏಳು ಮರಿ. ಹಳೆಯ ಚೀಲದ ತಳ ಕಿತ್ತುಹೋಗಿತ್ತು. ಬೇರೊಂದು ದಪ್ಪನೆಯ ಗೋಣಿಚೀಲ ಸಿಕ್ಕಿತು. ತೊಳೆದು ಬಿಸಿಲಿಗೆ ಹಾಕಿ ಅದನ್ನೇ ಬಳಸಿದಳು. ನಾಲ್ಕು ಮರಿ ಅವಳಿದ್ದ ಕಾಲೊನಿಯಲ್ಲೇ ಹೋದವು, ಅದರಲ್ಲಿ ಒಂದು ನೀಲಕ್ಕನ ಮನೆಗೆ. ಒಂದು, ಹಳಿಯಾಳದಲ್ಲಿ ಅವಳಿಗೆ ಜೋಳ ಕೊಡುವ ಅಂಗಡಿಯ ಶಿವಗಂಗವ್ವನಿಗೆ. ಒಂದು, ಮುಂಡಗೋಡದ ಹತ್ತಿರದ ಇಂದೂರಿನ ರೈತ ಗೂಳಪ್ಪನಿಗೆ. ಇನ್ನೊಂದು, ಭಾನುವಾರದ ಸಂತೆಗೆ ಕಾಡುಜೇನು ತರುವ ಕುಂಬಾರವಾಡದ ಸಕ್ಕುಬಾಯಿಗೆ. ಚೀಲ ಬಸ್ಸಿನಲ್ಲಿ ಹೋಯಿತು, ಬಸ್ಸಿನಲ್ಲಿ ಬಂತು. ಒಮ್ಮೆ ಗೋವಿನಜೋಳ, ಒಮ್ಮೆ ಭತ್ತ, ಒಮ್ಮೆ ಬಿಳಿಜೋಳ ತಳದಲ್ಲಿ ಇಟ್ಟುಕೊಂಡು ಬಂತು.

ಆಮೇಲೆ ಬೆಕ್ಕುಗಳು ಸಾಯತೊಡಗಿದವು. ಮೊದಲು ಅನ್ನ ಬಿಡುವುದು, ನೀರಿನ ಬಟ್ಟಲಿನ ಮುಂದೆ ಕೂತು ಕುಡಿಯದೆ ನೋಡುವುದು, ವಾಂತಿ, ರಕ್ತ ಬೆರೆತ ಭೇದಿ, ಮೂರನೇ ದಿನಕ್ಕೆ ತಣ್ಣಗೆ. ಮರಿಗಳಷ್ಟೇ ಅಲ್ಲ, ಆ ಮನೆಗಳಲ್ಲಿದ್ದ ದೊಡ್ಡ ಬೆಕ್ಕುಗಳೂ ಹೋದವು. ಕಾಲೊನಿಯಲ್ಲಿ ವಿಷ ಎಂಬ ಮಾತು ಎದ್ದಿತು. ಯಾರು ಇಟ್ಟರು ಎಂದು ಹುಡುಕುವ ಹೊತ್ತಿಗೆ ಕಿರಣಕುಮಾರ ಒಂದು ವಿಡಿಯೊ ಹಾಕಿದ.

ಈ ಕಿರಣಕುಮಾರ ಶಂಕ್ರವ್ವನ ಮನೆಯ ಎದುರು ಸಾಲಿನವನು. ಕಾಳಿ ನದಿಯಲ್ಲಿ ದೋಣಿ ಆಡಲು ಬರುವ ಪ್ರವಾಸಿಗರಿಗೆ ಜೀಪು ಓಡಿಸುತ್ತಾನೆ. ಕಾಲೊನಿಯ ವಾಟ್ಸಾಪ್ ಗುಂಪಿನ ಯಜಮಾನಿಕೆ ಅವನದೇ. ವಿಡಿಯೊದಲ್ಲಿ ಶಂಕ್ರವ್ವ ಗೋಡೆಯ ಬುಡದಲ್ಲಿ ಬಗ್ಗಿ ಬಗ್ಗಿ ಹಿಟ್ಟಿನಂಥ ಏನನ್ನೋ ಚೆಲ್ಲುತ್ತ ಹೋಗುವುದು ಕಾಣುತ್ತಿತ್ತು. ಕೆಳಗೆ ಅವನು ಬರೆದದ್ದು ಇಷ್ಟೇ: 'ಅರ್ಥ ಮಾಡಿಕೊಳ್ಳಿ.' ಅರ್ಥ ಮಾಡಿಕೊಳ್ಳುವುದೇನು ಮಣ್ಣು! ಅಮಾವಾಸ್ಯೆಗೊಮ್ಮೆ ಇರುವೆ ಗೂಡಿಗೆ ಹಿಟ್ಟು ಸಕ್ಕರೆ ಹಾಕುವುದು ಅವಳು ಮೂವತ್ತೆಂಟು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಆ ಓಣಿಯ ಅರ್ಧ ಹೆಂಗಸರು ಅವಳನ್ನು ನೋಡಿಯೇ ಕಲಿತವರು. ಅವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ.

ಅವಳೇ ಬಾಯಿ ಬಿಟ್ಟಳು. ಇಂದೂರಿನಲ್ಲೂ ಬೆಕ್ಕು ಸತ್ತಿದೆಯಲ್ಲ, ನಾನೇನು ರಾತ್ರಿ ಹಾರಿಹೋಗಿ ವಿಷ ಇಟ್ಟು ಬಂದೆನೇ ಎಂದು ನಲ್ಲಿಯ ಹತ್ತಿರ ಕೇಳಿದಳು. ಮರಿಯ ಜೊತೆ ರೊಟ್ಟಿ ಕಳಿಸಿದ್ದೆಯಲ್ಲ ಎಂದರು. ನನ್ನ ಹೊನ್ನಿಯೂ ಮಲಗಿದೆ, ಯಾರಾದರೂ ಸ್ವಂತ ಬೆಕ್ಕಿಗೆ ವಿಷ ಹಾಕುತ್ತಾರೆಯೇ ಎಂದಳು. ಗೊತ್ತಾಗದೆ ತಿಂದಿರಬೇಕು ಎಂದರು. ಏನು ಹೇಳಿದರೂ ಅದಕ್ಕೊಂದು ಉತ್ತರ ಸಿದ್ಧವಿತ್ತು. ಬೆಕ್ಕಿಗೆ ವಿಷ ಹಾಕುವ ಕೈಯಿಂದ ಬಡಿದ ರೊಟ್ಟಿ ಯಾರು ತಿನ್ನುತ್ತಾರೆ? ನೂರು ರೊಟ್ಟಿ ಒಂದೇ ವಾರದಲ್ಲಿ ಹನ್ನೆರಡಕ್ಕೆ ಇಳಿಯಿತು. ಆ ಹನ್ನೆರಡರಲ್ಲಿ ಆರು ನೀಲಕ್ಕನವು ಎಂಬುದೇ ಅವಳಿಗೆ ಸಮಾಧಾನವಾಗಿತ್ತು. ಆ ಸಮಾಧಾನವೇ ಈಗ ಕಸದ ತೊಟ್ಟಿಯ ಪಕ್ಕ ಬಿದ್ದಿತ್ತು.

ಮನೆಗೆ ಬಂದು ನೋಡಿದರೆ ಹೊನ್ನಿ ಒಲೆಯ ಪಕ್ಕ ಕಾಲು ಚಾಚಿ ಸತ್ತಿತ್ತು. ಶಂಕ್ರವ್ವ ಅಳಲಿಲ್ಲ. ಅಳುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ. ಬೆಕ್ಕನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸೆರಗಿನ ಗಂಟಿನಲ್ಲಿದ್ದ ರೊಟ್ಟಿಯ ಸಮೇತ ಪಶು ಆಸ್ಪತ್ರೆಗೆ ಹೋದಳು. ಅಲ್ಲಿಯ ಡಾಕ್ಟರು ದ್ರಾಕ್ಷಾಯಣಿ, ವಯಸ್ಸು ಮೂವತ್ತರ ಒಳಗೆ, ಅವರೂ ಧಾರವಾಡದ ಕಡೆಯವರೇ. ಶಂಕ್ರವ್ವ ಬೆಕ್ಕನ್ನು ಮೇಜಿನ ಮೇಲೆ ಇಟ್ಟಳು.

"ಬಾಯಾರ, ಇದರ ಹೊಟ್ಟಿ ಕೊಯ್ದು ನೋಡ್ರಿ. ಒಳಗ ವಿಷ ಇದ್ರ ನಾನ ಪೊಲೀಸ್ ಠಾಣೆಗೆ ಹೋಗಿ ಕುಂದರ್ತೇನಿ. ಇಲ್ಲಾಂದ್ರ, ಇಲ್ಲ ಅಂತ ನನಗ ಬರದು ಕೊಡ್ರಿ."

ದ್ರಾಕ್ಷಾಯಣಿ ಕೊಯ್ದು ನೋಡಿದರು. ಕರುಳು ಬಾತು ಕೆಂಪಾಗಿ ಒಳಗೆಲ್ಲ ರಕ್ತ. ನಾಯಿಗಳಿಗೆ ಬಳಸುವ ಸಣ್ಣ ಪಟ್ಟಿಯಲ್ಲಿ ಪರೀಕ್ಷೆ ಮಾಡಿದರೆ ಎರಡು ಗೆರೆ ಮೂಡಿದವು. ವಿಷದ ಲಕ್ಷಣ ಇದಲ್ಲ, ಪಾರ್ವೊ ಎಂಬ ವೈರಾಣು ಎಂದರು. ಕರುಳಿಗೆ ಹತ್ತಿ ರಕ್ತಭೇದಿ ತರುವ ರೋಗ, ಬೆಕ್ಕುಗಳಲ್ಲಿ ಒಂದರಿಂದ ಒಂದಕ್ಕೆ ಬೇಗ ಹರಡುತ್ತದೆ ಎಂದು ಬಿಡಿಸಿ ಹೇಳಿ, ಹಾಗೆಯೇ ಬರೆದೂ ಕೊಟ್ಟರು.

ಆ ಚೀಟಿ ಹಿಡಿದು ಬಂದವಳಿಗೆ ಸಿಕ್ಕ ಉತ್ತರ ಏನು ಗೊತ್ತೇ? ಮುದುಕಿ ಡಾಕ್ಟರಿಗೆ ರೊಟ್ಟಿ ತಿನ್ನಿಸಿ ಬರೆಸಿಕೊಂಡು ಬಂದಿದ್ದಾಳೆ ಎಂದು ಅದೇ ದಿನ ಗುಂಪಿನಲ್ಲಿ ಬಂತು. ಒಂದು ಬೆಕ್ಕಿಗೆ ರೋಗ ಇತ್ತು ಅಂತಲೇ ಇಟ್ಟುಕೊಳ್ಳೋಣ, ಉಳಿದ ಹತ್ತಕ್ಕೂ ಅದೇ ಎಂದು ಏನು ಗ್ಯಾರಂಟಿ ಎಂದು ಕಿರಣಕುಮಾರ ಕೇಳಿದ್ದ. ಇಪ್ಪತ್ತು ಮಂದಿ ಹೆಬ್ಬೆರಳು ಎತ್ತಿದ್ದರು. ಶಂಕ್ರವ್ವನಿಗೆ ಫೋನು ಓದಲು ಬಾರದು. ಪಕ್ಕದ ಮನೆಯವರು ಓದಿ ಹೇಳಿದರು, ಹೇಳುವಾಗ ಸ್ವಲ್ಪ ಖುಷಿಯೂ ಪಟ್ಟರು.

ಮರುದಿನ ಮತ್ತೆ ದ್ರಾಕ್ಷಾಯಣಿಯವರ ಮುಂದೆ ನಿಂತಳು. ಎಲ್ಲ ಬೆಕ್ಕಿಗೂ ಒಂದೇ ರೋಗ, ಅದು ಎಲ್ಲಿಂದ ಬಂತು ಎಂದು ಹೇಳುವ ಪರೀಕ್ಷೆ ಇದೆಯೇ ಎಂದು ಕೇಳಿದಳು. ಇದೆ ಎಂದರು ಡಾಕ್ಟರು. ತಾವು ಓದಿದ ಪಶುವೈದ್ಯ ಕಾಲೇಜಿನಲ್ಲಿ ತಮ್ಮ ಗುರುಗಳು ಇದೇ ವೈರಾಣುವಿನ ವಂಶವಾಹಿ ಓದುತ್ತಿದ್ದಾರೆ, ಮಾದರಿ ಕಳಿಸಿದರೆ ಖರ್ಚಿಲ್ಲದೆ ಮಾಡಿಕೊಡುತ್ತಾರೆ, ಆದರೆ ಬೇರೆ ಬೇರೆ ಮನೆಗಳ ಬೆಕ್ಕಿನ ಮಲ ಬೇಕು ಎಂದರು. ತಾವು ಮೂರು ತಾಲೂಕು ಸುತ್ತಲು ರಜೆ ಇಲ್ಲ ಎಂದೂ ಹೇಳಿದರು. ಶಂಕ್ರವ್ವ ತಾನೇ ಹೋಗುತ್ತೇನೆ ಎಂದಳು. ಡಾಕ್ಟರು ಅವಳಿಗೆ ಕೈಗವಸು, ಉದ್ದ ಕಡ್ಡಿಯ ತುದಿಗೆ ಹತ್ತಿ, ಮುಚ್ಚಳದ ಸಣ್ಣ ಶೀಶೆಗಳನ್ನು ಕೊಟ್ಟು, ಹೇಗೆ ತೆಗೆಯಬೇಕು ಎಂದು ಎರಡು ಸಲ ತೋರಿಸಿದರು. ಮಂಜುಗಡ್ಡೆ ತುಂಬಲು ಅವಳದೇ ಚಹಾದ ಫ್ಲಾಸ್ಕ್ ಆಯಿತು.

ಕಾಲೊನಿಯ ನಾಲ್ಕು ಬಾಗಿಲು ತಟ್ಟಿದಳು. ನಾಲ್ಕೂ ತೆರೆಯಲಿಲ್ಲ. ನೀಲಕ್ಕನ ಮನೆಯೊಳಗೆ ಟಿವಿ ಸದ್ದು ಕೇಳುತ್ತಿತ್ತು, ಇವಳು ತಟ್ಟಿದ ಮೇಲೆ ಅದೂ ನಿಂತಿತು. ಸರಿ ಎಂದು ಬಸ್ಸು ಹತ್ತಿದಳು. ಹಳಿಯಾಳದಲ್ಲಿ ಶಿವಗಂಗವ್ವನ ಅಂಗಡಿಯ ಮರಿ ಆಗಷ್ಟೇ ಸಾಯುತ್ತ ಮಲಗಿತ್ತು. ಇಂದೂರಿನಲ್ಲಿ ಗೂಳಪ್ಪ, ಗೋವಿನಜೋಳದ ಚೀಲಗಳ ಹಿಂದೆ ಉಳಿದಿದ್ದ ಬೆಕ್ಕನ್ನು ಹಿಡಿದುಕೊಟ್ಟು, ಪಾಪದ ಪ್ರಾಣಿಯ ಬುಡಕ್ಕೆ ಕಡ್ಡಿ ಹಾಕಲು ಅಷ್ಟು ದೂರದಿಂದ ಬಂದೆಯಾ ತಂಗಿ ಎಂದು ನಕ್ಕ. ನಕ್ಕರೂ ಊಟ ಹಾಕಿ ಕಳಿಸಿದ.

ಕುಂಬಾರವಾಡಕ್ಕೆ ಹೋಗುವುದೇ ಒಂದು ಸಾಹಸ. ದಿನಕ್ಕೆ ಎರಡು ಬಸ್ಸು, ಅದರಲ್ಲಿ ಒಂದು ಬಂದರೆ ಬಂತು. ಸಕ್ಕುಬಾಯಿ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ಅವಳ ಮನೆಮಾತು ಕೊಂಕಣಿ, ಕನ್ನಡ ಸಂತೆಗೆ ಬೇಕಾದಷ್ಟು. ಶಂಕ್ರವ್ವ ನಡೆದದ್ದನ್ನೆಲ್ಲ ಹೇಳಿದಾಗ ಅವಳು ಕೈಯಲ್ಲಿದ್ದ ಹಲಗೆ ಬಿಟ್ಟು ನಿಂತಳು.

"ವಿಷ? ನಮ್ಮ ಊರಿಗೆ ಬಸ್ಸೇ ಬರೂದಿಲ್ಲ ಬಾಯಿ, ವಿಷ ಹೆಂಗ ಬರ್ತದ?"

ಹದಿನೈದು ದಿನದಲ್ಲಿ ಶಂಕ್ರವ್ವ ಮೊದಲ ಸಲ ನಕ್ಕಳು. ಸಕ್ಕುಬಾಯಿಯ ಎರಡು ಬೆಕ್ಕೂ ಹೋಗಿದ್ದವು. ಆದರೆ ಬಚ್ಚಲ ಹಿಂದಿನ ಬೂದಿಗುಡ್ಡೆಯಲ್ಲಿ ಹಿಂದಿನ ದಿನದ ಮಲ ಸಿಕ್ಕಿತು. ಫ್ಲಾಸ್ಕ್ ಎದೆಗವಚಿಕೊಂಡು ಸಂಜೆಯ ಬಸ್ಸಿನಲ್ಲಿ ಬರುವಾಗ, ಕುಡಿಯಲು ಸ್ವಲ್ಪ ಚಹಾ ಸಿಗುತ್ತದೆಯೇ ಎಂದು ಪಕ್ಕದ ಗಂಡಸು ಕೇಳಿದ. ಇದು ಬೆಕ್ಕಿನ ಹೇಲು, ಕೊಡಲೇ ಎಂದಳು. ಅವನು ಎದ್ದು ಬೇರೆ ಸೀಟಿಗೆ ಹೋದ.

ಮಾದರಿಗಳು ಹೋದವು. ಒಂದು ತಿಂಗಳು, ಒಂದೂವರೆ ತಿಂಗಳು, ದೀಪಾವಳಿಯೂ ಮುಗಿಯಿತು. ಹಬ್ಬಕ್ಕೆ ಅವಳ ಮನೆಯ ಕರ್ಚಿಕಾಯಿ ಯಾರೂ ಇಸಿದುಕೊಳ್ಳಲಿಲ್ಲ. ಗೆಳತಿಯರ ಮನೆಗೆ ಕಳಿಸಿದ ತಟ್ಟೆ ಹಾಗೆಯೇ ತಿರುಗಿ ಬಂತು. ಬಾಗಿಲು ತೆರೆಯದಿದ್ದ ನೀಲಕ್ಕ ಮಾತ್ರ, ಮುಖ ಮುರಿದುಕೊಳ್ಳಲಾರದೆ, ದಿನಾ ಬಂದು ಆರು ರೊಟ್ಟಿ ಒಯ್ಯುತ್ತಿದ್ದಳು. ಶಂಕ್ರವ್ವ ಏನೂ ಅರಿಯದವಳ ಹಾಗೆ ಕಟ್ಟಿ ಕೊಡುತ್ತಿದ್ದಳು. ಆಕಳು ಮಾತ್ರ ದಿನದಿಂದ ದಿನಕ್ಕೆ ಕೊಬ್ಬುತ್ತಿತ್ತು. ಎಷ್ಟೋ ಸಲ ಶಂಕ್ರವ್ವನ ನಾಲಿಗೆಯ ತುದಿಗೆ ಮಾತು ಬಂದು ನಿಲ್ಲುತ್ತಿತ್ತು. ಕಾಗದ ಬರಲಿ, ಆಮೇಲೆ ಎಂದು ಹಲ್ಲು ಕಚ್ಚಿಕೊಂಡಳು.

ಕಾಗದ ಬಂದ ದಿನ ದ್ರಾಕ್ಷಾಯಣಿ ಅವಳನ್ನು ಕರೆಸಿ, ಬಾಗಿಲು ಮುಚ್ಚಿ, ಪಕ್ಕದಲ್ಲಿ ಕೂರಿಸಿಕೊಂಡರು. ಹಾಳೆಯ ತುಂಬ ನಾಲ್ಕೇ ಇಂಗ್ಲಿಷ್ ಅಕ್ಷರಗಳು ಸಾಲುಸಾಲಾಗಿ ಬಿದ್ದಿದ್ದವು.

"ಶಂಕ್ರವ್ವಾರ, ಹತ್ತು ಮಂದಿ ಬಡಿದ ರೊಟ್ಟಿ ಒಂದ ಬುಟ್ಟ್ಯಾಗ ಹಾಕಿದ್ರ, ನಿಮ್ಮ ರೊಟ್ಟಿ ನೀವು ಗುರ್ತ ಹಿಡೀತೀರಿ ಹೌದಲ್ರೀ?"

ಹಿಡಿಯುತ್ತೇನೆ ಎಂದು ಶಂಕ್ರವ್ವ ಹೆಬ್ಬೆರಳು ಮುಂದೆ ಮಾಡಿದಳು. ಇದೂ ಹಾಗೆಯೇ ಎಂದು ಡಾಕ್ಟರು ವಿವರಿಸಿದರು. ಪಾರ್ವೊದಲ್ಲಿ ಬೆಕ್ಕಿನ ತಳಿ ಬೇರೆ, ನಾಯಿಯ ತಳಿಗಳು ಬೇರೆ. ನೋಡಲು ಎಲ್ಲ ಒಂದೇ. ವೈರಾಣುವಿನ ಹೊರಕವಚ ಹೇಗಿರಬೇಕು ಎಂದು ಬರೆದಿರುವ ಸಾವಿರದ ಏಳುನೂರು ಚಿಲ್ಲರೆ ಅಕ್ಷರಗಳನ್ನು ಓದಿದರೆ ಮಾತ್ರ, ಅಲ್ಲೊಂದು ಇಲ್ಲೊಂದು ಅಕ್ಷರದ ವ್ಯತ್ಯಾಸದಿಂದ ಯಾವುದು ಯಾರದು ಎಂದು ತಿಳಿಯುತ್ತದೆ. ಹೊನ್ನಿ, ಹಳಿಯಾಳ, ಇಂದೂರ, ಕುಂಬಾರವಾಡ, ನಾಲ್ಕರಲ್ಲೂ ಇದ್ದದ್ದು ಪಾರ್ವೊ. ನಾಲ್ಕರ ಅಕ್ಷರಗಳೂ ಒಂದೂ ತಪ್ಪದೆ ಒಂದೇ. ಆದರೆ ಅದು ಬೆಕ್ಕಿನ ತಳಿ ಅಲ್ಲ, ನಾಯಿಗಳಲ್ಲಿ ಓಡಾಡುವ 2ಸಿ ಎಂಬ ತಳಿ. ಅದು ಬೆಕ್ಕಿಗೂ ಹತ್ತುತ್ತದೆ.

ಕೆಳಗೆ ಐದನೆಯ ಸಾಲು ಒಂದಿತ್ತು. ಅದೂ ಆ ನಾಲ್ಕರ ಹಾಗೆಯೇ ಇತ್ತು. ಅದು ಯಾವ ಬೆಕ್ಕು ಎಂದು ಶಂಕ್ರವ್ವ ಕೇಳಿದಳು. ಬೆಕ್ಕಲ್ಲ, ಶ್ರಾವಣದಲ್ಲಿ ಇಲ್ಲಿಗೆ ತಂದಿದ್ದ ಒಂದು ನಾಯಿಮರಿ, ಅದರ ಮಾದರಿಯನ್ನು ಆಗಲೇ ಗುರುಗಳಿಗಾಗಿ ತೆಗೆದಿಟ್ಟಿದ್ದೆ ಎಂದರು ಡಾಕ್ಟರು. ಯಾರ ನಾಯಿ ಎಂದು ಅವರು ಹೇಳಲಿಲ್ಲ. ಕಾಗದದಲ್ಲಿ ಬರೆದದ್ದನ್ನಷ್ಟೇ ಓದಿದರು: ಗಂಡು, ಲ್ಯಾಬ್ರಡಾರ್, ಮೂರು ತಿಂಗಳು. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಆ ಕಾಲೊನಿಯಲ್ಲಿ ಹುಬ್ಬಳ್ಳಿಯಿಂದ ಲ್ಯಾಬ್ರಡಾರ್ ಮರಿ ತಂದವನು ಒಬ್ಬನೇ.

ಒಂದೇ ಅಕ್ಷರ ಎಂದ ಮಾತ್ರಕ್ಕೆ ಯಾವುದರಿಂದ ಯಾವುದಕ್ಕೆ ಹೋಯಿತು ಎಂದು ಈ ಕಾಗದ ಹೇಳುವುದಿಲ್ಲ, ಮೂಲ ಒಂದೇ ಎಂದಷ್ಟೇ ಹೇಳುತ್ತದೆ ಎಂದು ಡಾಕ್ಟರು ಎಚ್ಚರಿಸಿದರು. ಆ ನಾಯಿಮರಿಯ ಹಾಸಿಗೆ, ಬಟ್ಟಲು, ಏನಾದರೂ ನಿಮ್ಮ ಮನೆಗೆ ಬಂದಿತ್ತೇ ಎಂದೂ ಕೇಳಿದರು.

ಗೋಣಿಚೀಲ! ಹಳೆಯ ಚೀಲ ಕಿತ್ತುಹೋದಾಗ, ಕಿರಣಕುಮಾರನ ಕಂಪೌಂಡ್ ಗೋಡೆಯ ಮೇಲೆ ನೇತಾಡುತ್ತಿದ್ದ, ಅವನ ನಾಯಿಮರಿಗೆ ಹಾಸುತ್ತಿದ್ದ ದಪ್ಪನೆಯ ಚೀಲ ನೋಡಿ, ಒಯ್ಯಲೇನೋ ಎಂದು ಅವಳೇ ಕೇಳಿದ್ದಳು. ಒಯ್ಯಿ ದೊಡ್ಡವ್ವಾ, ಚಲೋ ಚೀಲ ಐತಿ ಎಂದು ಅವನೇ ಎತ್ತಿ ಕೊಟ್ಟಿದ್ದ. ಅದರಲ್ಲಿ ಏಳು ಮರಿ ಹೋಗಿದ್ದವು. ಚೀಲ ಮನೆಯಲ್ಲಿದ್ದಾಗಲೆಲ್ಲ ಹೊನ್ನಿ ಅದರ ಮೇಲೆಯೇ ಮಲಗುತ್ತಿತ್ತು. ತೊಳೆದು ಬಿಸಿಲಿಗೆ ಹಾಕಿದ್ದೆನಲ್ಲ ಎಂದಳು. ಇದು ಬರಿಯ ನೀರಿಗೂ ಬಿಸಿಲಿಗೂ ಸಾಯುವ ಜಾತಿಯಲ್ಲ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂದರು ಡಾಕ್ಟರು.

"ಅವಗ ಗೊತ್ತಿತ್ತೇನ್ರಿ ಬಾಯಾರ?"

ದ್ರಾಕ್ಷಾಯಣಿ ಕಾಗದ ಮಡಚಿ ಅವಳಿಗೆ ಕೊಟ್ಟರು. ಇಂಥ ನಾಯಿ ಸತ್ತಾಗ ಅದರ ಹಾಸಿಗೆ, ಚೀಲ ಎಲ್ಲ ಸುಡಬೇಕು ಎಂದು ಎಲ್ಲರಿಗೂ ಹೇಳುತ್ತೇನೆ, ಚೀಟಿಯಲ್ಲೂ ಬರೆದು ಕೊಡುತ್ತೇನೆ ಎಂದರು. ಆಮೇಲೆ ಅವಳ ಕೈ ಹಿಡಿದು, ನಿಮ್ಮದೇನೂ ತಪ್ಪಿಲ್ಲ, ವಿಷ ಅಲ್ಲ ಎಂಬುದು ಕಾಗದದಲ್ಲಿ ಬಂದಿದೆ, ಚೀಲದ ವಿಷಯ ಎತ್ತಿದರೆ ಆ ಮಂದಿ ಅದನ್ನೇ ಹಿಡಿದು ಮತ್ತೆ ನಿಮ್ಮನ್ನೇ ಜಗ್ಗುತ್ತಾರೆ, ಅದನ್ನು ಇಲ್ಲಿಗೇ ಬಿಡಿ ಎಂದು ಬುದ್ಧಿ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ಆಸ್ಪತ್ರೆಯಿಂದ ಕಾಲೊನಿಗೆ ಒಂದೂವರೆ ಮೈಲಿ. ಅಷ್ಟೂ ದಾರಿ ಶಂಕ್ರವ್ವನ ತಲೆಯಲ್ಲಿ ಎರಡು ಸಿಟ್ಟು ಒಂದರ ಮೇಲೊಂದು ಬೀಳುತ್ತಿದ್ದವು. ಸುಡು ಎಂದ ಚೀಲವನ್ನು ನಗುತ್ತ ಕೊಟ್ಟವನು, ಮಾರನೇ ತಿಂಗಳು ಇವಳ ಮೇಲೆ ಫೋನು ಹಿಡಿದು ನಿಂತಿದ್ದ! ಅವನ ಮೇಲಿನ ಸಿಟ್ಟಿಗೆ ಲೆಕ್ಕವೇ ಇರಲಿಲ್ಲ. ಇನ್ನೊಂದು ಸಿಟ್ಟು ತನ್ನ ಮೇಲೆಯೇ. ಮೂರು ಸುತ್ತು ತಿರುಗಿಸಿ, ಹಣೆಗೆ ಕುಂಕುಮ ಹಚ್ಚಿ, ಬಾಳು ಎಂದು ಹರಸಿ ಏಳು ಮರಿಗಳನ್ನು ಆ ಚೀಲದೊಳಗೆ ಇಳಿಸಿದ್ದು ಈ ಸೊಟ್ಟ ಹೆಬ್ಬೆರಳಿನ ಕೈಯೇ ಅಲ್ಲವೇ? ಚೀಲದ ಮಾತು ಬಿಟ್ಟುಬಿಟ್ಟರೆ ತಾನೂ ಬಾಯಿ ಮುಚ್ಚಿಕೊಂಡವಳೇ ಆಗುತ್ತೇನೆ, ಅವನಿಗೂ ನನಗೂ ಏನು ಫರಕು ಎಂದು ಅವಳಿಗೆ ಅನಿಸಿತು.

ನಲ್ಲಿಗೆ ನೀರು ಬಿಡುವ ಹೊತ್ತು ನೋಡಿಯೇ ಹೋದಳು. ಕೊಡ ಹಿಡಿದ ಹೆಂಗಸರು ಸಾಲಾಗಿ ನಿಂತಿದ್ದರು, ನೀಲಕ್ಕನೂ ಇದ್ದಳು. ಎದುರಿಗೆ ಕಿರಣಕುಮಾರ ಜೀಪು ತೊಳೆಯುತ್ತಿದ್ದ. ಶಂಕ್ರವ್ವ ಕಾಗದವನ್ನು ಅವನ ಮುಂದೆ ಹಿಡಿದಳು. ಗುಂಪಿನಲ್ಲಿ ಎಲ್ಲ ಓದಿ ಹೇಳುವವನು ನೀನೇ ಅಲ್ಲವೇ, ಇದನ್ನೂ ಎಲ್ಲರಿಗೂ ಕೇಳುವ ಹಾಗೆ ಓದು ಎಂದಳು. ಅವನು ಮೊದಲು ನಕ್ಕ. ಎಲ್ಲರೂ ನೋಡುತ್ತಿದ್ದದ್ದರಿಂದ ಕೈ ಒರೆಸಿಕೊಂಡು ತೆಗೆದುಕೊಂಡ. ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳುತ್ತ ಹೋದ. ನಾಲ್ಕು ಬೆಕ್ಕು, ಪಾರ್ವೊ ವೈರಾಣು, ನಾಯಿಯ ತಳಿ. ಐದನೆಯ ಸಾಲಿಗೆ ಬಂದಾಗ ಅವನ ದನಿ ನಿಂತಿತು.

ಮುಂದೆ ಓದು ಎಂದಳು. ಅವನು ಓದಲಿಲ್ಲ. ಶಂಕ್ರವ್ವ ತಾನೇ ಹೇಳಿದಳು: ಗಂಡು, ಲ್ಯಾಬ್ರಡಾರ್, ಮೂರು ತಿಂಗಳು. ನಲ್ಲಿಯ ಕೆಳಗಿನ ಕೊಡ ತುಂಬಿ ಹರಿಯುತ್ತಿತ್ತು, ಯಾರೂ ತೆಗೆಯಲಿಲ್ಲ.

ಕಿರಣಕುಮಾರನ ಮುಖ ಸಣ್ಣದಾಯಿತು. ನನ್ನ ನಾಯಿಯೂ ಸತ್ತಿದೆ ದೊಡ್ಡವ್ವಾ, ನನಗೂ ಸಂಕಟ ಆಗಿತ್ತು, ಮೂರು ದಿನ ಮಕ್ಕಳು ಊಟ ಮಾಡಿರಲಿಲ್ಲ ಎಂದ. ಅದು ಸುಳ್ಳಲ್ಲ, ಅವಳಿಗೂ ಗೊತ್ತಿತ್ತು. ಆ ಮರಿಗೆ ಅವಳೇ ಎಷ್ಟೋ ಸಲ ರೊಟ್ಟಿ ಚೂರು ಹಾಕಿದ್ದಳು.

"ನಾಯಿ ಸತ್ತಿದ್ದು ನಿನ್ನ ತಪ್ಪಲ್ಲೋ. ಚೀಲಾ ಸುಡಂತ ಡಾಕ್ಟ್ರು ಹೇಳಿದ್ರು, ನೀ ನನ್ನ ಕೈಯಾಗ ಕೊಟ್ಟಿ. ಬೆಕ್ಕು ಸಾಯಾಕ ಹತ್ತಿದಾಗಾದ್ರೂ ಒಂದ ಮಾತು ಹೇಳ್ಬೇಕಿತ್ತಿಲ್ಲೋ? ಅದು ಬಿಟ್ಟು ಇರಿವಿಗೆ ಹಿಟ್ಟು ಹಾಕೋ ಮುದುಕಿ ಮ್ಯಾಲೆ ಫೋನ್ ಹಿಡದಿ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಹೆಂಗಸರು ಆಗಲೇ ಅವನ ಕಡೆ ತಿರುಗಿ ಪಿಸು ಪಿಸು ಶುರು ಮಾಡಿದ್ದರು. ಎರಡು ತಿಂಗಳು ತನ್ನನ್ನು ಹರಿದು ತಿಂದ ಅದೇ ಬಾಯಿಗಳು ಇನ್ನು ಅವನನ್ನು ತಿನ್ನುತ್ತವೆ ಎಂಬುದು ಶಂಕ್ರವ್ವನಿಗೆ ಕಾಣುತ್ತಿತ್ತು, ಅದು ನೋಡಿ ಅವಳ ಸಿಟ್ಟು ಅವರ ಕಡೆಗೂ ಹೊರಳಿತು. ತಿರುಗಿ ನಿಂತು, ದನಿ ಏರಿಸಿಯೇ ಹೇಳಿದಳು.

"ನಿಮಗೂ ಹೇಳ್ತೇನಿ, ಕೇಳ್ರಿ. ವಿಷ ನಾ ಹಾಕಿಲ್ಲ. ಆದ್ರ ರೋಗ ನಿಮ್ಮ ಮನಿಗೆ ಬಂದಿದ್ದು ನನ್ನ ಚೀಲದಾಗ. ನನ್ನ ಕೈಯಾರ ಮರಿ ಅದರಾಗ ಹಾಕಿ ಕಳಿಸೇನಿ. ಗೊತ್ತಿರಲಿಲ್ಲ, ಆದ್ರೂ ಕೈ ನಂದು. ಸುಳ್ಳನ್ನ ಹೆಂಗ ಒಂದ ದಿನದಾಗ ನಂಬಿದ್ರಿ, ಇದನ್ನೂ ಹಂಗ ನಂಬ್ರಿ."

ಮನೆಗೆ ಬಂದು, ಮೂಲೆಯಲ್ಲಿದ್ದ ಆ ಚೀಲವನ್ನು ಕೋಲಿನ ತುದಿಯಲ್ಲಿ ಎತ್ತಿ ತಂದು ಓಣಿಯ ನಡುವೆ ಇಟ್ಟು ಬೆಂಕಿ ಹಚ್ಚಿದಳು. ತಳದಲ್ಲಿ ಉಳಿದಿದ್ದ ಕೊನೆಯ ಹಿಡಿ ಭತ್ತ ಚಟಪಟ ಎಂದು ಅರಳಾಗಿ ಸಿಡಿಯಿತು. ಅದು ಸಕ್ಕುಬಾಯಿ ಹಾಕಿ ಕಳಿಸಿದ್ದು. ಸಂಜೆ ಗುಂಪಿನಲ್ಲಿ ಆ ವಿಡಿಯೊ ಮಾಯವಾಗಿತ್ತು. ಅದರ ಜಾಗದಲ್ಲಿ, ಬೆಕ್ಕುಗಳು ರೋಗದಿಂದ ಸತ್ತಿವೆ ಎಂದು ಒಂದು ಸಾಲು, ಪಕ್ಕದಲ್ಲಿ ಕೈಮುಗಿದ ಚಿತ್ರ. ಅವಳ ಹೆಸರಿರಲಿಲ್ಲ. ಹೆಸರು ಕೆಡಿಸುವಾಗ ಮಾತ್ರ ಮುಖ ಸಮೇತ ತೋರಿಸುತ್ತಾರೆ ಎಂದು ಶಂಕ್ರವ್ವ ಉಗಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ನೀಲಕ್ಕ ಬಂದಳು. ದಿನಾ ತರುತ್ತಿದ್ದ ಅದೇ ಬಟ್ಟೆ ಕೈಯಲ್ಲಿತ್ತು. ಒಳಗೆ ಬರದೆ ಹೊಸ್ತಿಲ ಆಚೆ ನಿಂತು, ಆರು ರೊಟ್ಟಿ ಬೇಕಾಗಿತ್ತು ಎಂದಳು. ಶಂಕ್ರವ್ವ ಹೆಂಚಿನ ಮೇಲಿನ ರೊಟ್ಟಿ ಹೊರಳಿಸುತ್ತ ತಿರುಗಿ ನೋಡಲಿಲ್ಲ.

"ಕಟ್ಟಿ ಕೊಡೂದಿಲ್ಲ. ಇಲ್ಲೇ ಕುಂತು ತಿನ್ನು. ಕಸದ ತೊಟ್ಟಿ ಹಾದಿ ನನಗೂ ಗೊತ್ತೈತಿ."

ನೀಲಕ್ಕನ ಕೈಯಿಂದ ಬಟ್ಟೆ ಜಾರಿತು. ಅಷ್ಟು ದಿನವೂ ಗೊತ್ತಿದ್ದೂ ಕಟ್ಟಿ ಕೊಟ್ಟಳೇ ಎನ್ನುವುದು ಅವಳ ಮುಖದಲ್ಲಿ ಮೂಡಿ, ಮುಖವೆಲ್ಲ ಬಿಗಿಯಿತು. ಆಮೇಲೆ ಒಳಗೆ ಬಂದು ಒಲೆಯ ಪಕ್ಕ, ಹೊನ್ನಿ ಮಲಗುತ್ತಿದ್ದ ಜಾಗದಲ್ಲಿ, ನೆಲದ ಮೇಲೆ ಕೂತಳು. ಶಂಕ್ರವ್ವ ತಟ್ಟೆ ಇಟ್ಟು, ಬಿಸಿ ರೊಟ್ಟಿ ಹಾಕಿ, ಪಕ್ಕಕ್ಕೆ ಶೇಂಗಾ ಚಟ್ನಿ ಬಡಿಸಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ಎದುರಿಗೇ ನಿಂತಳು. ನೀಲಕ್ಕ ಮುರಿದು ಬಾಯಿಗೆ ಹಾಕಿಕೊಂಡಳು. ಕಣ್ಣೀರು ಚಟ್ನಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶಂಕ್ರವ್ವನೂ ಒರೆಸು ಎನ್ನಲಿಲ್ಲ. ಕೊನೆಗೆ ತಟ್ಟೆಯಲ್ಲಿ ಉಳಿದದ್ದು ಹೆಬ್ಬೆರಳಿನ ತಗ್ಗಿದ್ದ ಅಂಚು. ಅದನ್ನೂ ತಿಂದಳು.

ಶಂಕ್ರವ್ವ ಹೆಂಚಿನ ಮೇಲಿಂದ ಎರಡನೆಯದನ್ನು ತೆಗೆದು ತಟ್ಟೆಗೆ ಹಾಕಿದಳು.

"ಇನ್ನೂ ಐದ ಅದಾವು," ಎಂದಳು.